'ನೆಟ್ ಸ್ಲೋ' ಎಂದರೆ ಸಾಲದು: ವಿಡಿಯೊ ಕಾಲ್‌ನ ಕೆಲವು ಶಬ್ದಗಳು

ಆನ್‌ಲೈನ್ ಕ್ಲಾಸ್‌ನಲ್ಲಿ ಸರ್ ಧ್ವನಿ ತುಂಡಾದರೂ, ಚಿತ್ರ ನಿಂತುಹೋದರೂ, ನಾವು ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಬಂದರೂ ನಾವು ಹೇಳುವುದು ಒಂದೇ ಮಾತು: 'ನೆಟ್ ಸ್ಲೋ'. ನಮ್ಮ ಮನೆಯಲ್ಲಿ ಅಮ್ಮಿ ಹೇಳುವ 'ಆವಾಜ್ ಕಟ್ ರೈ' ಎಂಬ ಮಾತೇ ಇದಕ್ಕಿಂತ ಖಚಿತ. ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗೆ ಇವು ಬೇರೆ ಬೇರೆ ಕಾಯಿಲೆಗಳು, ಔಷಧಿಯೂ ಬೇರೆ. ಈಗ ಇಂಟರ್‌ವ್ಯೂಗಳೂ ವಿಡಿಯೊದಲ್ಲಿ ನಡೆಯುತ್ತವೆ. ಕಾಯಿಲೆ ಯಾವುದೆಂದು ತಿಳಿಯದೆ ದೊಡ್ಡ ಪ್ಲಾನ್ ಹಾಕಿಸಿದರೆ ದುಡ್ಡೂ ಹೋಗುತ್ತದೆ, ಧ್ವನಿಯೂ ಸರಿಯಾಗುವುದಿಲ್ಲ.

ಮೊದಲು ಬ್ಯಾಂಡ್‌ವಿಡ್ತ್. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ ಸಾಗಬಹುದು ಎಂಬುದರ ಅಳತೆ ಇದು. ಜಾಹೀರಾತಿನಲ್ಲಿ 40 ಎಂಬಿಪಿಎಸ್ ಎಂದಿದ್ದರೆ ಅದು 40 ಮೆಗಾಬಿಟ್. 8 ಬಿಟ್‌ಗೆ 1 ಬೈಟ್ ಆದ್ದರಿಂದ ಫೈಲ್ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. ಇದು ಮೋಸವಲ್ಲ, ಲೆಕ್ಕದ ಘಟಕ ಬೇರೆ, ಅಷ್ಟೇ. ಡೌನ್‌ಲೋಡ್ ಮತ್ತು ಅಪ್‌ಲೋಡ್ ಕೂಡ ಬೇರೆ ಬೇರೆ. ಯೂಟ್ಯೂಬ್ ಚೆನ್ನಾಗಿ ಓಡುತ್ತಿದ್ದು, ಕಾಲ್‌ನಲ್ಲಿ ನಮ್ಮ ಮುಖ ಮಾತ್ರ ಅವರಿಗೆ ನಿಂತುಹೋಗಿ ಕಂಡರೆ ಮೊದಲು ಅಪ್‌ಲೋಡ್ ನೋಡಬೇಕು.

ಆದರೆ ಧ್ವನಿಗೆ ಬೇಕಾದ ಬ್ಯಾಂಡ್‌ವಿಡ್ತ್ ಬಹಳ ಕಡಿಮೆ. ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಟೆಲಿಫೋನ್‌ನ ಹಳೆಯ ಕೋಡೆಕ್ ಜಿ.711 ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಪ್ರತಿ ಅಳತೆಗೆ 8 ಬಿಟ್. ಒಟ್ಟು 64,000 ಬಿಟ್. 40 ಎಂಬಿಪಿಎಸ್‌ನಲ್ಲಿ ಇಂಥ ಧ್ವನಿಗಳು ಲೆಕ್ಕದ ಪ್ರಕಾರ 600ಕ್ಕೂ ಹೆಚ್ಚು ಹಿಡಿಸುತ್ತವೆ. ಹಾಗಾದರೆ ಒಂದೇ ಧ್ವನಿ ಏಕೆ ತುಂಡಾಗುತ್ತದೆ?

ಇಲ್ಲಿ ಲೇಟೆನ್ಸಿ ಬರುತ್ತದೆ, ಅಂದರೆ ಮಾತು ತಲುಪಲು ಹಿಡಿಯುವ ಸಮಯ. ಒಂದು ದಿಕ್ಕಿಗೆ ಇದು 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಒಟ್ಟಿಗೆ ನಿಲ್ಲಿಸಿ, 'ನೀವು ಹೇಳಿ, ನೀವು ಹೇಳಿ' ಎನ್ನುತ್ತಾರೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಬೆಳಕಿನ ವೇಗಕ್ಕೇ ಸುಮಾರು 240 ಮಿಲಿಸೆಕೆಂಡ್ ಬೇಕು. ಇದನ್ನು ಯಾವ ರೀಚಾರ್ಜ್‌ನಿಂದಲೂ ಕಡಿಮೆ ಮಾಡಲಾಗದು.

ಜಿಟ್ಟರ್ ಎಂಬ ಶಬ್ದ ನಮ್ಮ ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಬೇಗ ಅರ್ಥವಾಗುತ್ತದೆ. ಒಂದು ನೆಟ್‌ನಲ್ಲಿ ಐದು ಪ್ಯಾಕೆಟ್‌ಗಳು 58, 61, 60, 59, 62 ಮಿಲಿಸೆಕೆಂಡ್‌ಗೆ ಬಂದವು ಎನ್ನಿ. ಇನ್ನೊಂದರಲ್ಲಿ 20, 130, 35, 95, 20. ಎರಡರ ಸರಾಸರಿಯೂ 60. ಆದರೆ ಮೊದಲನೆಯದರಲ್ಲಿ ಧ್ವನಿ ಸರಾಗ, ಎರಡನೆಯದರಲ್ಲಿ ತುಂಡು ತುಂಡು. ಸರಾಸರಿ ಮಾತ್ರ ನೋಡಬೇಡಿ, ಹರಡಿಕೆಯನ್ನೂ ನೋಡಿ ಎಂದು ಮೇಡಂ ಹೇಳುವುದು ಇದನ್ನೇ. ಈ ಏರಿಳಿತ ಮುಚ್ಚಲು ಆ್ಯಪ್‌ಗಳು ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟು, ನಂತರ ಸಮನಾಗಿ ಬಿಡುತ್ತವೆ. ಅದಕ್ಕೆ ಜಿಟ್ಟರ್ ಬಫರ್ ಎನ್ನುತ್ತಾರೆ. ಅದಕ್ಕೆ ಕೊಡುವ ಬೆಲೆ ಇನ್ನಷ್ಟು ಲೇಟೆನ್ಸಿ.

ಪ್ಯಾಕೆಟ್ ಲಾಸ್ ಎಂದರೆ ಬರಬೇಕಾದದ್ದು ಬಾರದೇ ಹೋಗುವುದು. ಫೈಲ್ ಕಳಿಸುವಾಗ ಬಳಸುವ ಟಿಸಿಪಿ, ತಲುಪಿತೆಂದು ಸಹಿ ಮಾಡಿಸಿಕೊಳ್ಳುವ ಅಂಚೆಯಂತೆ. ತಲುಪದಿದ್ದರೆ ಮತ್ತೆ ಕಳಿಸುತ್ತದೆ. ವಿಡಿಯೊ ಕಾಲ್‌ಗೆ ಹೆಚ್ಚಾಗಿ ಬಳಸುವ ಯುಡಿಪಿ ಸಾದಾ ಅಂಚೆ, ಹೋದದ್ದು ಹೋಯಿತು. ಇದೇ ಸರಿ ಕೂಡ. ಎರಡು ಸೆಕೆಂಡ್ ಹಿಂದಿನ 'ಹಲೋ' ಈಗ ಬಂದು ಏನು ಪ್ರಯೋಜನ?

ರಿಂಗ್ ಆಗುತ್ತದೆ, ಎತ್ತಿದರೆ ಒಂದು ಕಡೆಯ ಧ್ವನಿ ಕೇಳುವುದಿಲ್ಲ ಎಂಬುದು ಬೇರೆಯೇ ತೊಂದರೆ. ಕಾಲ್ ಕೂಡಿಸುವ ಸಂದೇಶ ಒಂದು ದಾರಿ, ಧ್ವನಿ ಇನ್ನೊಂದು ದಾರಿ ಹಿಡಿಯುತ್ತವೆ. ಎರಡನೆಯ ದಾರಿಯನ್ನು ಫೈರ್‌ವಾಲ್ ಅಥವಾ ನ್ಯಾಟ್ ತಡೆದಿರಬಹುದು. ನ್ಯಾಟ್ ಎಂದರೆ ಮನೆಯ ಎಲ್ಲ ಫೋನ್, ಲ್ಯಾಪ್‌ಟಾಪ್‌ಗಳೂ ಒಂದೇ ಹೊರವಿಳಾಸ ಹಂಚಿಕೊಳ್ಳುವ ವ್ಯವಸ್ಥೆ.

ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಅದೇ ಜಾಗದಲ್ಲಿ ಕುಳಿತು ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಡಿಫಾಲ್ಟ್ ಗೇಟ್‌ವೇ ಎಂಬ ಸಂಖ್ಯೆ ಸಿಗುತ್ತದೆ. ಅದು ನಿಮ್ಮ ಮನೆಯ ರೂಟರ್. ಮೊದಲು ಅದಕ್ಕೆ ಪಿಂಗ್ ಮಾಡಿ, ಆಮೇಲೆ 8.8.8.8ಕ್ಕೆ. ಪಿಂಗ್ ಸುಮ್ಮನೆ ಬಿಟ್ಟರೆ ನಾಲ್ಕೇ ಸಲ ಕಳಿಸುತ್ತದೆ. ಸ್ವಲ್ಪ ಹೆಚ್ಚು ಸಲ ಕಳಿಸಿ ನೋಡುವುದು ಒಳ್ಳೆಯದು. ಕೊನೆಯಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಸಮಯ ಮತ್ತು ಎಷ್ಟು ಕಳೆದುಹೋದವು ಎಂಬ ಲೆಕ್ಕ ಬರುತ್ತದೆ. ರೂಟರ್‌ಗೇ ಏರಿಳಿತ ಕಂಡರೆ ತಪ್ಪು ಕಂಪನಿಯದಲ್ಲ, ಮನೆಯ ವೈಫೈಯದು. ರೂಟರ್ ಹತ್ತಿರ ಕುಳಿತರೆ ಅಥವಾ ಕೇಬಲ್ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ, ಖರ್ಚೂ ಕಡಿಮೆ. ರೂಟರ್‌ವರೆಗೆ ಸರಿಯಿದ್ದು ಅದರಾಚೆ ಮಾತ್ರ ಲಾಸ್ ಕಂಡರೆ ಕಂಪನಿಗೆ ಫೋನ್ ಮಾಡಿ. ಆಗ 'ಸ್ಲೋ ಇದೆ' ಎನ್ನದೆ '100ಕ್ಕೆ 6 ಪ್ಯಾಕೆಟ್ ಬರುತ್ತಿಲ್ಲ, ರೂಟರ್‌ವರೆಗೆ ಸರಿ ಇದೆ' ಎಂದು ನಿಮಗೆ ಬಂದ ಅಂಕಿಯನ್ನೇ ಹೇಳಿ.