ಕುಸ್ತಿಯಲ್ಲಿ ಉಸಿರಿನ ಲೆಕ್ಕ

ಗರಡಿಮನೆಯಲ್ಲಿ ಸಾಮು ಕಲಿಯುವ ಹೊಸಬನಿಗೆ ಉಸ್ತಾದರು ಹೇಳುವ ಮಾತೊಂದುಂಟು: ಏದುಸಿರು ಬಿಡಬೇಡ, ಆಳವಾಗಿ ಉಸಿರಾಡು. ಇದೇಕೆಂಬುದನ್ನು ಲೆಕ್ಕ ಹಾಕಿ ನೋಡೋಣ.

ವಿಶ್ರಾಂತಿಯಲ್ಲಿರುವಾಗ ನಾವು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಇದರಲ್ಲಿ ಸುಮಾರು 150 ಮಿಲಿಲೀಟರು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು, ರಕ್ತಕ್ಕೆ ಆಮ್ಲಜನಕವನ್ನು ಕೊಡದೆ ಹೊರಬೀಳುತ್ತದೆ. ನಿಮಿಷಕ್ಕೆ 12 ಸಲ ಹೀಗೆ ಉಸಿರಾಡಿದರೆ, ಶ್ವಾಸಕೋಶದ ಗಾಳಿಗೂಡುಗಳಿಗೆ 4,200 ಮಿಲಿಲೀಟರು ಹೊಸ ಗಾಳಿ ತಲಪುತ್ತದೆ. ಸಲಕ್ಕೆ 250 ಮಿಲಿಲೀಟರಿನಂತೆ 24 ಸಲ ಏದಿದರೆ? ಎಳೆದುಕೊಂಡ ಗಾಳಿ ಆಗಲೂ 6,000 ಮಿಲಿಲೀಟರೇ. ಆದರೆ ಗಾಳಿಗೂಡುಗಳನ್ನು ಸೇರಿದ್ದು 2,400 ಮಾತ್ರ!

ಸೆಣಸಾಟದಲ್ಲಿ ದೇಹಕ್ಕೆ ಬೇಕಾಗುವ ಗಾಳಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು; ನಿಯಮ ಮಾತ್ರ ಇದೇ.

ಎದುರಾಳಿಯನ್ನೆತ್ತುವಾಗ ಕ್ಷಣಕಾಲ ದಮ್ಮು ಕಟ್ಟಿದರೆ ನಡು ಗಟ್ಟಿಯಾಗುವುದು ನಿಜ. ಆದರೆ ಹಾಗೆಯೇ ಹಿಡಿದಿಟ್ಟರೆ ಎದೆಯೊಳಗಿನ ಒತ್ತಡವೇರಿ, ಹೃದಯಕ್ಕೆ ಮರಳುವ ರಕ್ತ ಕಡಮೆಯಾಗುತ್ತದೆ. ತಲೆ ಸುತ್ತಿ ಕಣ್ಣು ಕತ್ತಲಿಡಲೂಬಹುದು. ಆದುದರಿಂದ ಬಲ ಹಾಕುತ್ತ ಉಸಿರನ್ನು ಬಿಡಬೇಕು, ಹಿಡಿತ ಸಡಿಲವಾದೊಡನೆ ಆಳವಾಗಿ ಎಳೆದುಕೊಳ್ಳಬೇಕು. ತೋಳ್ಬಲ ಸಮವಾಗಿರುವ ಇಬ್ಬರು ಜಟ್ಟಿಗಳಲ್ಲಿ, ಉಸಿರಿನ ಲೆಕ್ಕ ತಪ್ಪಿದವನೇ ಮೊದಲು ದಣಿಯುತ್ತಾನೆ.