ಗಡಿ ದಾಟುವ ಸರಕಿಗೆ ಯಾರ ಕಾನೂನು?

ಕುರ್ಲಾದ ಒಬ್ಬ ವ್ಯಾಪಾರಿಗೆ ಜರ್ಮನಿಯಿಂದ ಪತ್ರ ಬಂತು ಅಂತ ಇಟ್ಟುಕೊಳ್ಳಿ: ಇಷ್ಟು ಚರ್ಮದ ಚೀಲ, ಈ ದರಕ್ಕೆ ಬೇಕು. ಇವನು ಒಪ್ಪಿಗೆ ಬರೆದು ಅಂಚೆಗೆ ಹಾಕಿದ. ಕಾಗದ ದಾರಿಯಲ್ಲೇ ಕಳೆದುಹೋಯಿತು. ಕರಾರು ಆಯಿತೋ ಇಲ್ಲವೋ?

ನಮ್ಮ 1872ರ ಕರಾರು ಕಾಯಿದೆಯ 4ನೇ ಕಲಮು ಆಯಿತು ಅನ್ನುತ್ತದೆ. ಸರಿಯಾದ ವಿಳಾಸಕ್ಕೆ ಅಂಚೆಗೆ ಹಾಕಿದ ಗಳಿಗೆಯಿಂದಲೇ ಕೇಳಿದವನು ಕಟ್ಟುಬಿದ್ದ. ಆದರೆ ಸರಕು ಮಾರಾಟದ ಬಗ್ಗೆ 1980ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯ 18ನೇ ವಿಧಿಯ ಪ್ರಕಾರ ಒಪ್ಪಿಗೆ ಅವನ ಕೈಗೆ ತಲುಪಬೇಕು. ತಲುಪದಿದ್ದರೆ ಕರಾರೂ ಇಲ್ಲ. ಒಂದೇ ಕಾಗದ, ಎರಡು ಉತ್ತರ! ಇಂಥ ತಕರಾರು ತಪ್ಪಲಿ ಅಂತಲೇ ವಿಶ್ವಸಂಸ್ಥೆ 1966ರಲ್ಲಿ ವಾಣಿಜ್ಯ ಕಾನೂನಿನ ಆಯೋಗವೊಂದನ್ನು ಸ್ಥಾಪಿಸಿತು. ಒಡಂಬಡಿಕೆಯ ಕರಡು ಅದರದೇ.

ಭಾರತ ಅದಕ್ಕೆ ಸೇರಿಲ್ಲವಲ್ಲ, ನಮಗ್ಯಾಕೆ ಅಂತೀರಾ? (ಅದೇ ಆಯೋಗದ 1985ರ ಮಾದರಿ ನೋಡಿಕೊಂಡು 1996ರಲ್ಲಿ ಮಧ್ಯಸ್ಥಿಕೆಯ ಕಾಯಿದೆ ಮಾಡಿದ ನಾವು, ಮಾರಾಟಕ್ಕೆ ಮಾತ್ರ 1930ರ ಕಾಯಿದೆಯನ್ನೇ ಹಿಡಿದು ಕೂತಿದ್ದು ನನಗಂತೂ ವಿಚಿತ್ರ.) ಜರ್ಮನಿ ಸೇರಿದೆ ನೋಡಿ. ಆರ್ಡರಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಜರ್ಮನ್ ಕಾನೂನು ಅನ್ವಯ' ಎಂದಿದ್ದು, ಇವನು ಓದದೆ ಒಪ್ಪಿದರೆ, ಅಲ್ಲಿಯ ಕೋರ್ಟು 1ನೇ ವಿಧಿಯಂತೆ ತೆರೆಯುವುದು ವಿಯೆನ್ನಾದ ಒಡಂಬಡಿಕೆಯನ್ನೇ. ಯಾಕಂದ್ರೆ ಅದೂ ಜರ್ಮನ್ ಕಾನೂನೇ.

6ನೇ ವಿಧಿಯಲ್ಲಿ ಬಿಡುಗಡೆ ಉಂಟು. ಇಬ್ಬರೂ ಕೂಡಿ 'ಈ ಒಡಂಬಡಿಕೆ ನಮಗೆ ಬೇಡ' ಎಂದು ಬರೆದುಕೊಳ್ಳಬಹುದು. ಬರೆಯುವುದಾದರೆ ಆರ್ಡರ್ ಒಪ್ಪುವಾಗಲೇ, ಸ್ಪಷ್ಟವಾಗಿ ಬರೆಯಬೇಕು.