ಕಷ್ಟಕಾಲದಲ್ಲಿ ಕೂಲಿಯ ನ್ಯಾಯ

ಮೇ ತಿಂಗಳ ಯುವಜನ ಅಧ್ಯಯನ
ಓದಿಕೊಂಡು ಬರಬೇಕಾದ ವಾಕ್ಯಗಳು: ಧರ್ಮೋಪದೇಶಕಾಂಡ 24:14-15, ಯಕೋಬ 5:1-6



ಮೇ 1ರಂದು ನಾವು ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಪೋಪ್ ಹನ್ನೆರಡನೇ ಪಯಸ್‌ರವರು 1955ರಲ್ಲಿ ಈ ಹಬ್ಬವನ್ನು ಕಾರ್ಮಿಕರ ದಿನದಂದೇ ಇಟ್ಟರು. ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವವರು ನಮ್ಮಲ್ಲಿ ಬಹಳ ಮಂದಿ. ಗುತ್ತಿಗೆದಾರರ ಕೈಕೆಳಗೆ ಇರುವವರೂ ಕಡಿಮೆಯಿಲ್ಲ. "ಆರ್ಡರ್ ಕಡಿಮೆಯಾಗಿದೆ, ಸ್ವಲ್ಪ ಅನುಸರಿಸಿಕೊಳ್ಳಿ" ಎಂಬ ಮಾತು ಅವರಿಗೆ ಹೊಸದಲ್ಲ. ಕಷ್ಟ ಬಂದಾಗ ಎಲ್ಲರೂ ಕೈ ಬಿಗಿಹಿಡಿಯಬೇಕು, ನಿಜ. ಆದರೆ ಮೊದಲು ಕತ್ತರಿ ಬೀಳಬೇಕಾದದ್ದು ದುಡಿಯುವವರ ಕೂಲಿಗೇ, ಭದ್ರತೆಗೇ? ಇದೇ ಈ ತಿಂಗಳ ನಮ್ಮ ಪ್ರಶ್ನೆ.

1. ಪವಿತ್ರ ಗ್ರಂಥ ಹೇಳುವುದು

ಬಡ ಕೂಲಿಯಾಳು ಸ್ವಜನನಾಗಿರಲಿ, ಊರಲ್ಲಿ ನೆಲೆಸಿದ ಪರದೇಶಿಯಾಗಿರಲಿ, ಹೊತ್ತು ಮುಳುಗುವ ಮೊದಲೇ ಅವನ ಕೂಲಿ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಆ ಕೂಲಿಯನ್ನೇ ಅವನು ನೆಚ್ಚಿಕೊಂಡಿದ್ದಾನೆ ಎಂಬುದೇ ಕಾರಣ. "ಬೆಳೆ ಚೆನ್ನಾಗಿ ಬಂದರೆ" ಎಂಬ ಷರತ್ತು ಅಲ್ಲಿಲ್ಲ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ.

2. ಧರ್ಮಸಭೆಯ ಬೋಧನೆ

1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಪೋಪ್ ಹದಿಮೂರನೇ ಲಿಯೋರವರು ಒಂದು ಮುಖ್ಯ ಮಾತು ತಿಳಿಸಿದರು: ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿದರೆ ಅದು ಬಲವಂತವೇ. ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ ಅವರು ಎತ್ತಿಹಿಡಿದರು. 1981ರಲ್ಲಿ ಸಂತ ಎರಡನೇ ಜಾನ್ ಪಾಲರು ಚಿಕಿತ್ಸೆ, ವಾರದ ರಜೆ, ಪಿಂಚಣಿ, ಅಪಘಾತ ವಿಮೆ ಇವೆಲ್ಲ ಕೆಲಸಗಾರರ ಹಕ್ಕುಗಳೆಂದು ಬೋಧಿಸಿದರು. 2008ರ ಆರ್ಥಿಕ ಕುಸಿತದ ಮರುವರ್ಷ ಪೋಪ್ ಹದಿನಾರನೇ ಬೆನೆಡಿಕ್ಟರು, ಸಾಮಾಜಿಕ ವೆಚ್ಚದ ಕಡಿತದಿಂದ ಜನರು ಹಳೆಯ ಹಾಗೂ ಹೊಸ ಅಪಾಯಗಳ ಮುಂದೆ ಅಸಹಾಯಕರಾಗುತ್ತಾರೆಂದು 'ಕಾರಿತಾಸ್ ಇನ್ ವೆರಿತಾತೆ'ಯಲ್ಲಿ ಎಚ್ಚರಿಸಿದರು.

3. ನಮ್ಮ ಕಾಲದ ಉದಾಹರಣೆಗಳು

2020ರ ಏಪ್ರಿಲ್‌ನಲ್ಲಿ ಗುಜರಾತ್ ಸರ್ಕಾರ, ಕೊರೋನಾ ಸಂಕಷ್ಟದ ಕಾರಣ ಕೊಟ್ಟು, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಓವರ್‌ಟೈಮಿಗೆ ದುಪ್ಪಟ್ಟು ಕೂಲಿಯ ನಿಯಮವನ್ನೂ ಬದಿಗಿಟ್ಟಿತು. ಕಾರ್ಮಿಕ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. ಆರ್ಥಿಕ ಹಿಂಜರಿತವು ಕಾಯ್ದೆ ಹೇಳುವ 'ಸಾರ್ವಜನಿಕ ತುರ್ತು ಪರಿಸ್ಥಿತಿ' ಅಲ್ಲವೆಂದು ನ್ಯಾಯಾಲಯ ಅಕ್ಟೋಬರ್ 1ರಂದು ಆ ಆದೇಶವನ್ನು ರದ್ದುಗೊಳಿಸಿ, ಓವರ್‌ಟೈಮ್ ಹಣ ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ತಮಿಳುನಾಡಿನಲ್ಲೂ 12 ಗಂಟೆ ದುಡಿಮೆಗೆ ಅವಕಾಶ ಕೊಡುವ ಮಸೂದೆ 2023ರ ಏಪ್ರಿಲ್ 21ರಂದು ವಿಧಾನಸಭೆಯಲ್ಲಿ ಅಂಗೀಕಾರವಾಗಿತ್ತು. ಸಂಘಗಳೂ ಮಿತ್ರಪಕ್ಷಗಳೂ ವಿರೋಧಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡಿರುವುದಾಗಿ ಮೇ 1ರಂದೇ ಪ್ರಕಟಿಸಲಾಯಿತು.

ಕಡಿತ ಕೆಲವೊಮ್ಮೆ ಸಹಾಯದ ರೂಪದಲ್ಲೂ ಬರುತ್ತದೆ. 2020ರ ಮೇಯಿಂದ ಜುಲೈವರೆಗೆ ಹೆಚ್ಚಿನ ಕಡೆ ಪಿಎಫ್ ವಂತಿಗೆಯನ್ನು ಶೇ. 12ರಿಂದ 10ಕ್ಕೆ ಇಳಿಸಲಾಯಿತು. ಲೆಕ್ಕ ಹಾಕೋಣ: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದ್ದವರ ಖಾತೆಗೆ ಎರಡೂ ಕಡೆಯಿಂದ ತಿಂಗಳಿಗೆ 3,600 ಸೇರುತ್ತಿತ್ತು, ಅದು 3,000ಕ್ಕೆ ಇಳಿಯಿತು. ಕೈಗೆ 300 ಹೆಚ್ಚು ಬಂತು, ನಾಳೆಯ ಉಳಿತಾಯದಿಂದ 600 ಹೋಯಿತು. ಆ ದಿನಗಳಲ್ಲಿ ಮನೆ ನಡೆಸಲು 300 ರೂಪಾಯಿಯೂ ಬೇಕಿತ್ತು, ಒಪ್ಪೋಣ. ಆದರೆ ಅದಕ್ಕೆ ತೆತ್ತ ಬೆಲೆಯೂ ನಮಗೆ ತಿಳಿದಿರಬೇಕು.

4. ನಾವು ಅರಿತಿರಬೇಕಾದದ್ದು

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇಎಸ್‌ಐ ಉಂಟು. ಅದಕ್ಕೆ ನಮ್ಮ ಪಾಲು ಶೇ. 0.75, ಮಾಲೀಕರದು ಶೇ. 3.25. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ಸಿಗುತ್ತದೆ. ಮಾಲೀಕರ ಪಾಲನ್ನು ನಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ಗುತ್ತಿಗೆದಾರ ಕಟ್ಟದೆ ಹೋದರೆ ಮುಖ್ಯ ಕಂಪನಿಯೇ ಹೊಣೆ.

ನಮ್ಮ ಗಡಿಸೀಮೆಯ ತೊಡಕು ಬೇರೆ. ಸಂಬಳದ ಚೀಟಿ ಇಂಗ್ಲಿಷಿನಲ್ಲಿ, ನೋಟೀಸು ತಮಿಳಿನಲ್ಲಿ. ಮನೆಯ ಮಾತು ಕನ್ನಡ, ತೆಲುಗು. ಒಡಿಶಾ, ಜಾರ್ಖಂಡ್‌ಗಳಿಂದ ಬಂದವರಿಗೆ ಇವಾವುವೂ ಬಾರವು. ಓದಿದ ನಾವು ಓದಿ ಹೇಳುವುದೂ ಒಂದು ಸೇವೆ. ಒಬ್ಬರೇ ಕೇಳಿದರೆ ಕೆಲಸ ಹೋದೀತೆಂಬ ಭಯ ಸಹಜ. ಆದ್ದರಿಂದಲೇ ಧರ್ಮಸಭೆ ಸಂಘಟನೆಯ ಹಕ್ಕನ್ನು ಒತ್ತಿಹೇಳುತ್ತದೆ. ಚಿಕ್ಕ ವರ್ಕ್‌ಶಾಪ್ ನಡೆಸುವವರೂ ನಮ್ಮ ನಡುವೆ ಇದ್ದಾರೆ. ಅವರ ಸಾಲದ ಹೊರೆಯೂ ಸುಳ್ಳಲ್ಲ. ಲೆಕ್ಕ ಬಿಚ್ಚಿಟ್ಟು, ನಷ್ಟವನ್ನು ಹಂಚಿಕೊಳ್ಳುವ ದಾರಿಯನ್ನು ಕೂಡಿ ಹುಡುಕಿದರೆ ನ್ಯಾಯವೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

5. ಅನ್ಬಿಯಂ ಕೂಟದಲ್ಲಿ ಚರ್ಚೆಗೆ

ಅ) ನಮ್ಮ ಮನೆಯಲ್ಲಿ ದುಡಿಯುವವರ ಪಿಎಫ್ ಪಾಸ್‌ಬುಕ್ ಅನ್ನು ಕಡೆಯ ಬಾರಿ ನೋಡಿದ್ದು ಯಾವಾಗ?
ಆ) ನಮ್ಮ ಮನೆಗೆಲಸಕ್ಕೆ, ಹೊಲಕ್ಕೆ ಬರುವವರ ಕೂಲಿಯನ್ನು ನಾವು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇವೆಯೇ?
ಇ) ಸಂಬಳದ ಚೀಟಿ ಓದಲಾಗದ ಒಬ್ಬರಿಗೆ ಈ ತಿಂಗಳು ನಾವು ನೆರವಾಗಬಹುದೇ?

ಪ್ರಾರ್ಥನೆ: ನಜರೇತಿನ ಬಡಗಿಯಾದ ಸಂತ ಜೋಸೆಫರೇ, ದುಡಿಯುವವರಿಗಾಗಿಯೂ, ದುಡಿಮೆ ಕೊಡುವವರಿಗಾಗಿಯೂ, ಕೆಲಸ ಕಳೆದುಕೊಂಡವರಿಗಾಗಿಯೂ ಪ್ರಾರ್ಥಿಸಿರಿ. ಆಮೆನ್.